ವಿಮಾನವನ್ನು ಕಳೆದ ಮೇಲೆ ಉಳಿಯುವ ಗಾಳಿ

ಹಿಂದಿನ ಎರಡು ಸೀಟು ಬಿಚ್ಚಿ ಹೊರಗಿಟ್ಟ ದಿನ, ಆ ಪುಟ್ಟ ವಿಮಾನದೊಳಗೆ ಇಷ್ಟೊಂದು ಜಾಗ ಇದೆಯಾ ಅನ್ನಿಸಿತ್ತು. ಮಾರನೇ ದಿನ ಅದನ್ನು ಮೂರು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗಿದೆವು. ಒಂದೊಂದು ಚಕ್ರದ ಕೆಳಗೂ ಒಂದೊಂದು ತಕ್ಕಡಿ. ಪೈಲಟ್, ಉಪಕರಣ ನೋಡಿಕೊಳ್ಳಲು ಒಬ್ಬರು, ಮೂರು ಗಂಟೆಗೆ ಸಾಕಾಗುವ ಇಂಧನ, ಅದರ ಮೇಲೆ ಕಾಯ್ದಿಡಲೇಬೇಕಾದ ಇಂಧನ. ಇಷ್ಟನ್ನು ಕಳೆದರೆ ನಮಗೆ ಸಿಕ್ಕಿದ್ದು 95 ಕಿಲೋ. ಜಾಗ ಬೇಕಾದಷ್ಟಿತ್ತು. ತೂಕಕ್ಕೆ ಮಾತ್ರ ಅವಕಾಶ ಇರಲಿಲ್ಲ.

ಆ 95 ಕಿಲೋದೊಳಗೆ ಗಾಳಿಯ ವೇಗ ಮತ್ತು ದಿಕ್ಕು, ಉಷ್ಣತೆ, ತೇವಾಂಶ, ಒತ್ತಡ, ಕಾರ್ಬನ್ ಡೈಆಕ್ಸೈಡ್, ಓಝೋನ್, ಗಾಳಿಯಲ್ಲಿ ತೇಲುವ ಸಣ್ಣ ಕಣಗಳು, ಎಲ್ಲವನ್ನೂ ಅಳೆಯುವ ಸಾಮಾನು ಹಿಡಿಯಬೇಕಿತ್ತು. ಉಪಕರಣದ ಜೊತೆ ಬರುವ ಪುಸ್ತಕದಲ್ಲಿ 6 ಕಿಲೋ ಅಂತ ಬರೆದಿರುತ್ತದೆ. ಪಂಪು, ಕೊಳವೆ, ಕೇಬಲ್, ಕ್ಲ್ಯಾಂಪು ಎಲ್ಲ ಸೇರಿದರೆ ಅದು 10 ದಾಟುತ್ತದೆ. ನಮ್ಮ ಕೇಬಲ್‌ಗಳೇ 11 ಕಿಲೋ ತಿಂದವು. ಕೊನೆಗೆ ಬೇಕಿದ್ದಕ್ಕಿಂತ ಉದ್ದ ಬಿಟ್ಟಿದ್ದ ಒಂದೊಂದು ವೈರನ್ನೂ ಕತ್ತರಿಸಿ ಚಿಕ್ಕದು ಮಾಡುತ್ತಾ ಕೂತೆವು.

ಇಷ್ಟು ಕಷ್ಟಪಟ್ಟು ಸಣ್ಣ ವಿಮಾನವೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನಾವು ಉಸಿರಾಡುವ ಗಾಳಿ ನೆಲದಿಂದ ಮೇಲಿನ ಒಂದೆರಡು ಕಿಲೋಮೀಟರಿನಲ್ಲೇ ದಿನವಿಡೀ ಕಲೆಸಿಕೊಳ್ಳುತ್ತಾ ಇರುತ್ತದೆ. ಗೋಪುರಕ್ಕೆ ಕಟ್ಟಿದ ಸೆನ್ಸರ್ ಅಲ್ಲಿಗೆ ಎಟಕುವುದಿಲ್ಲ. ಬಲೂನು ಒಂದು ಸಲ ಏರುತ್ತದೆ, ಗಾಳಿ ಹೊತ್ತುಕೊಂಡು ಹೋದ ಕಡೆ ಹೋಗುತ್ತದೆ. ಉಪಗ್ರಹ ಮೇಲಿಂದ ನೋಡುವಾಗ ಆ ಪದರದ ಒಳಗಿನ ಸಣ್ಣ ಸಂಗತಿಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ, ಬೇಕಾದ ಎತ್ತರದಲ್ಲಿ, ಹೋದ ದಾರಿಯಲ್ಲೇ ಮತ್ತೆ ಮತ್ತೆ ಹೋಗಬಲ್ಲ ಪುಟ್ಟ ವಿಮಾನ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಒಂದು ತೊಡಕಿದೆ. ಸೆನ್ಸರ್ ಒಳ್ಳೆಯದಿದ್ದರೆ ಅಳತೆಯೂ ಒಳ್ಳೆಯದು ಅಂತ ನಾನು ಮೊದಲು ನಂಬಿದ್ದೆ. ವಿಮಾನ ತಾನು ಅಳೆಯಲು ಹೊರಟ ಗಾಳಿಯನ್ನೇ ತಳ್ಳುತ್ತದೆ, ಬಿಸಿ ಮಾಡುತ್ತದೆ, ಅದಕ್ಕೆ ಹೊಗೆ ಬೆರೆಸುತ್ತದೆ. 1804ರಲ್ಲಿ ಫ್ರೆಂಚ್ ವಿಜ್ಞಾನಿ ಗೇ-ಲುಸ್ಸಾಕ್ ಬಲೂನಿನಲ್ಲಿ ಸುಮಾರು 7,000 ಮೀಟರ್ ಏರಿ ಗಾಳಿ ತುಂಬಿಕೊಂಡು ಬಂದಾಗ ಅವರಿಗೆ ಈ ಕಷ್ಟ ಇರಲಿಲ್ಲ. ಬಲೂನು ಗಾಳಿಯ ಜೊತೆಗೇ ತೇಲುತ್ತದೆ. ವಿಮಾನ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನಮ್ಮ ಒಂದು ವರ್ಷದ ದುಡಿಮೆಯಲ್ಲಿ ಮುಕ್ಕಾಲು ಪಾಲು ಹೋಗಿದ್ದು ಅಳತೆಯಿಂದ ವಿಮಾನವನ್ನು ಕಳೆಯುವುದಕ್ಕೆ.

ಮೊದಲ ಪ್ರಶ್ನೆ, ಸೆನ್ಸರ್‌ಗಳನ್ನು ಎಲ್ಲಿ ಕೂರಿಸುವುದು? ನಮ್ಮದು ಮೂತಿಯಲ್ಲಿ ಒಂದೇ ಪ್ರೊಪೆಲ್ಲರ್ ಇರುವ, ರೆಕ್ಕೆ ಮೇಲಿರುವ ವಿಮಾನ. ಪ್ರೊಪೆಲ್ಲರ್ ಹಿಂದೆ ಬರುವ ಗಾಳಿ ತಿರುಚಿಕೊಂಡಿರುತ್ತದೆ, ಹೊಟ್ಟೆಯ ಕೆಳಗೆ ಎಂಜಿನ್ ಹೊಗೆ ಹರಿಯುತ್ತದೆ. ಇನ್ನುಳಿದಿದ್ದು ರೆಕ್ಕೆ. ಮೆಕ್ಯಾನಿಕ್ ಮೊದಲ ದಿನವೇ ಹೇಳಿಬಿಟ್ಟರು: "ಮೇಡಂ, ರೆಕ್ಕೆಗೆ ತೂತು ಹಾಕೋ ಮಾತು ಮಾತ್ರ ಆಡಬೇಡಿ." ಅವರ ಮಾತು ಸರಿಯಾಗಿಯೇ ಇತ್ತು. ರೆಕ್ಕೆಗೆ ಆಸರೆಯಾಗಿ ಕೆಳಗಿನಿಂದ ಓರೆಯಾಗಿ ಬರುವ ಸ್ಟ್ರಟ್‌ಗೆ ಕ್ಲ್ಯಾಂಪು ಹಾಕಿ, ಅದರಿಂದ ಮುಂದಕ್ಕೆ ಚಾಚಿದ ಒಂದು ಹಗುರ ಕೊಳವೆಯ ತುದಿಯಲ್ಲಿ ಗಾಳಿಯ ಸೆನ್ಸರ್ ಇಟ್ಟೆವು. ಗಾಳಿ ಒಳಗೆಳೆಯುವ ಕೊಳವೆಗಳಿಗೆ ಪಕ್ಕದ ಕಿಟಕಿಯ ಗಾಜು ತೆಗೆದು ಅದೇ ಅಳತೆಯ ಅಲ್ಯುಮಿನಿಯಂ ಹಾಳೆ ಕೂರಿಸಿ, ತೂತುಗಳನ್ನೆಲ್ಲ ಅದಕ್ಕೇ ಕೊರೆದೆವು. ತೆಗೆದ ಗಾಜು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿದೆ. ಬೇಕೆಂದರೆ ಒಂದೇ ದಿನದಲ್ಲಿ ವಿಮಾನವನ್ನು ಮೊದಲಿನಂತೆ ಮಾಡಬಹುದು.

ಮುಂದಕ್ಕೆ ಚಾಚುವುದು ಯಾಕೆ? ರೆಕ್ಕೆ ಹತ್ತಿರ ಬರುತ್ತಿದೆ ಅನ್ನುವುದು ಗಾಳಿಗೆ ಮುಂಚೆಯೇ ತಟ್ಟುತ್ತದೆ. ರೆಕ್ಕೆ ಮುಟ್ಟುವ ಮೊದಲೇ ಅದು ಮೇಲಕ್ಕೆ ಬಾಗಲು ಶುರು ಮಾಡುತ್ತದೆ. ಹತ್ತಿರ ಇಟ್ಟ ಸೆನ್ಸರ್ ಆ ಬಾಗುವಿಕೆಯನ್ನೇ ಮೇಲೇಳುವ ಗಾಳಿ ಅಂತ ವರದಿ ಮಾಡುತ್ತದೆ. ಎಷ್ಟು ಮುಂದೆ ಇಟ್ಟರೂ ಅದು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಜಾಸ್ತಿ ಉದ್ದ ಮಾಡಿದರೆ ಕೊಳವೆಯೇ ನಡುಗುತ್ತದೆ. ನಾವು ಸ್ಟ್ರಟ್ ಮೇಲೆಲ್ಲ ಉಲ್ಲನ್ ದಾರದ ತುಂಡುಗಳನ್ನು ಅಂಟಿಸಿ, ಕ್ಯಾಮೆರಾ ಕಟ್ಟಿ ಒಂದು ಸುತ್ತು ಹಾರಿಸಿದೆವು. ದಾರ ನೆಟ್ಟಗೆ ಹಿಂದಕ್ಕೆ ಮಲಗಿದ ಕಡೆ ಗಾಳಿ ಶಾಂತ. ಅದು ಪಟಪಟ ಒದ್ದಾಡಿದ ಕಡೆ ಏನನ್ನೂ ಕೂರಿಸಬಾರದು. ನಾವು ಕಾಗದದ ಮೇಲೆ ಆರಿಸಿದ್ದ ಜಾಗ ಒದ್ದಾಡುವ ಪಟ್ಟಿಯಲ್ಲಿತ್ತು. ಸೆನ್ಸರನ್ನು ಎರಡು ಗೇಣು ಹೊರಕ್ಕೆ ಸರಿಸಿದೆವು.

ಅನುಮತಿಯ ಕೆಲಸ ತಿಂಗಳುಗಟ್ಟಲೆ ಹಿಡಿಯಿತು. ಅದರ ವಿವರ ಇಲ್ಲಿ ಬೇಡ, ಆದರೆ ಒಂದು ಲೆಕ್ಕ ಹೇಳಲೇಬೇಕು. ನಮ್ಮ ವಿಮಾನಕ್ಕೆ ಅನ್ವಯಿಸುವ ನಿಯಮದಂತೆ, ಒಳಗಿಟ್ಟ ಸಾಮಾನು ತನ್ನ ತೂಕದ 9 ಪಟ್ಟು ಬಲ ಮುಂದಕ್ಕೆ ಎಳೆದರೂ ಜಾಗ ಬಿಡಬಾರದು. ನಮ್ಮ ರ್‍ಯಾಕ್ ತುಂಬಿದಾಗ 60 ಕಿಲೋ. ವಿಮಾನ ನೆಲಕ್ಕೆ ಬಡಿದರೆ ಅದು 540 ಕಿಲೋದಂತೆ ಮುಂದಕ್ಕೆ ನುಗ್ಗುತ್ತದೆ. ಅದರ ಮುಂದೆ ಕೂತಿರುವುದು ಪೈಲಟ್. ಈ ಸಂಖ್ಯೆ ಕಣ್ಣ ಮುಂದೆ ಬಂದ ಮೇಲೆ ಯಾರೂ ಒಂದು ಬೋಲ್ಟನ್ನೂ ಸುಮ್ನೆ ಬಿಗಿಯಲಿಲ್ಲ.

ಕರೆಂಟಿನ ವಿಷಯದಲ್ಲಿ ಕ್ಯಾಪ್ಟನ್ ಒಂದೇ ಷರತ್ತು ಹಾಕಿದರು. ನಮ್ಮ ಎಲ್ಲಾ ಉಪಕರಣಗಳಿಗೂ ಒಂದೇ ಸ್ವಿಚ್ ಇರಬೇಕು, ಅದು ಅವರ ಕೈಗೆ ಎಟಕಬೇಕು. "ಹೊಗೆ ವಾಸನೆ ಬಂದರೆ ನಾನು ನಿಮ್ಮನ್ನ ಕೇಳೋಕೆ ಹೋಗಲ್ಲ, ಆರಿಸಿಬಿಡ್ತೀನಿ" ಅಂದರು. ಹಾಗೇ ಮಾಡಿದೆವು. ಅದೇ ಮಾತುಕತೆಯಲ್ಲಿ ಕಣ ಎಣಿಸುವ ಒಂದು ಉಪಕರಣವನ್ನೂ ಕೈಬಿಟ್ಟೆವು. ಅತಿ ಸಣ್ಣ ಕಣಗಳನ್ನು ದೊಡ್ಡದಾಗಿ ಬೆಳೆಸಿ ಎಣಿಸಲು ಅದಕ್ಕೆ ಬ್ಯುಟನಾಲ್ ಬೇಕು. ಬ್ಯುಟನಾಲ್ ಬೆಂಕಿ ಹಿಡಿಯುವ ದ್ರವ, ಅದರ ಆವಿ ತಲೆ ನೋಯಿಸುತ್ತದೆ. ಪುಟ್ಟ ಕ್ಯಾಬಿನ್ನಿನಲ್ಲಿ ಅದು ಬೇಡ ಅನ್ನಿಸಿತು. ಬದಲಿಗೆ ಲೇಸರ್ ಬೆಳಕು ಚದುರುವುದನ್ನು ನೋಡಿ ಎಣಿಸುವ ಉಪಕರಣ ಹಾಕಿದೆವು. ಅದಕ್ಕೆ ಅತಿ ಸಣ್ಣ ಕಣಗಳು ಕಾಣುವುದಿಲ್ಲ ಅನ್ನುವ ನೋವು ನನಗೆ ಈಗಲೂ ಇದೆ.

ನೆಲದ ಮೇಲೆ ಎಂಜಿನ್ ಚಾಲೂ ಮಾಡಿ, ಒಂದೊಂದೇ ಉಪಕರಣ ಆನ್ ಮಾಡುತ್ತಾ ರೇಡಿಯೋ ಕೇಳುವ ಪರೀಕ್ಷೆಯಲ್ಲಿ ಎರಡು ದಿನ ಕಳೆಯಿತು. ಅಳತೆಗಳನ್ನೆಲ್ಲ ದಾಖಲಿಸುವ ಡೇಟಾ ಲಾಗರ್ ಆನ್ ಆದ ಕೂಡಲೇ ಪೈಲಟ್ ಬಳಸುವ 118ರಿಂದ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಎರಡು ಕಡೆ ಜೋರು ಸದ್ದು. ಲಾಗರ್‌ನ ತಪ್ಪಿರಲಿಲ್ಲ. 28 ವೋಲ್ಟನ್ನು 12ಕ್ಕೆ ಇಳಿಸುವ ಪುಟ್ಟ ಡಬ್ಬಿ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತಾ ಆ ಸದ್ದನ್ನು ವೈರುಗಳ ಮೂಲಕ ಹರಡುತ್ತಿತ್ತು. ಡಬ್ಬಿ ಬದಲಿಸಿ, ಕೇಬಲ್‌ಗೆ ಇಂಥ ಸದ್ದು ತಡೆಯುವ ಫೆರೈಟ್ ಉಂಗುರ ಹಾಕಿ, ಕೇಬಲ್ ಸುತ್ತ ಇರುವ ಲೋಹದ ಹೊದಿಕೆಗಳಾದ ಎಲ್ಲಾ ಶೀಲ್ಡ್‌ಗಳನ್ನೂ ಒಂದೇ ಕಡೆ ಅರ್ತ್ ಮಾಡಿದ ಮೇಲೆ ನಿಂತಿತು. ಪಂಪಿನ ಮೋಟಾರಿನ ಅಯಸ್ಕಾಂತ ದಿಕ್ಸೂಚಿಯನ್ನು ಎಳೆಯುತ್ತಿದೆ ಅಂತಲೂ ಅವತ್ತೇ ಗೊತ್ತಾಯಿತು. ಪಂಪು ಬಾಲದ ಕಡೆಗೆ ಹೋಯಿತು. ಅದರ ತೂಕ ಹಿಂದೆ ಹೋದದ್ದರಿಂದ ತೂಕದ ಕೇಂದ್ರದ ಲೆಕ್ಕ ಮತ್ತೆ ಮೊದಲಿಂದ.

ಇನ್ನು ಕೊಳವೆಗಳು. ನನಗೆ ಹೆಚ್ಚು ಕಲಿಸಿದ್ದು ಇವೇ. ಹೊರಗಿನ ಗಾಳಿ ಉಪಕರಣದವರೆಗೆ ಬದಲಾಗದೆ ಬರಬೇಕು, ಕೇಳಲು ಇಷ್ಟೇ. ಆದರೆ ಓಝೋನ್ ಕಂಡ ಕಂಡ ಮೇಲ್ಮೈಗೆ ತಗುಲಿ ನಾಶವಾಗುತ್ತದೆ, ಅದಕ್ಕೆ ಟೆಫ್ಲಾನ್ ಕೊಳವೆಯೇ ಆಗಬೇಕು. ಟೆಫ್ಲಾನ್‌ನಲ್ಲಿ ಸ್ಥಿರ ವಿದ್ಯುತ್ ನಿಲ್ಲುತ್ತದೆ, ಕಣಗಳು ಅದರ ಗೋಡೆಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಕಣಗಳಿಗೆ ಸ್ಟೀಲ್ ಬೇಕು. ಬಾಗಿಸಲು ಸುಲಭ ಅಂತ ಕೊನೆಯ ಒಂದು ಮೀಟರಿಗೆ ನಾವು ವಿದ್ಯುತ್ ಹರಿಯುವ ಕಪ್ಪು ಸಿಲಿಕೋನ್ ಕೊಳವೆ ಹಾಕಿ, ಕಾರ್ಬನ್ ಡೈಆಕ್ಸೈಡ್ ಉಪಕರಣಕ್ಕೂ ಅದರಿಂದಲೇ ಕವಲು ಕೊಟ್ಟಿದ್ದೆವು. ಅಳತೆ ಒಂದು ಕಡೆ ನಿಲ್ಲಲೇ ಇಲ್ಲ. ಪರೀಕ್ಷೆಯ ಸಿಲಿಂಡರಿನ ಗಾಳಿ ಬಿಟ್ಟರೂ ಸಂಖ್ಯೆ ನಿಧಾನವಾಗಿ ತೇಲುತ್ತಿತ್ತು. ಆ ಕೊಳವೆ ಕಾರ್ಬನ್ ಡೈಆಕ್ಸೈಡನ್ನು ಹೀರುತ್ತದೆ, ಆಮೇಲೆ ಬಿಡುತ್ತದೆ. ಅದನ್ನು ಕಿತ್ತು, ಒಂದೊಂದು ಅಳತೆಗೂ ಬೇರೆ ಬೇರೆ ಕೊಳವೆ ಎಳೆದೆವು.

ಕಣಗಳಿಗೆ ಇನ್ನೊಂದು ತೊಂದರೆ ಇದೆ. ಹೊರಗೆ ಗಾಳಿ ಸೆಕೆಂಡಿಗೆ 50 ಮೀಟರ್ ಓಡುತ್ತಿರುತ್ತದೆ. ಕೊಳವೆಯ ಬಾಯಿ ಅದನ್ನು ಮೆಲ್ಲಗೆ ಎಳೆದುಕೊಂಡರೆ, ಹೆಚ್ಚಾದ ಗಾಳಿ ಬಾಯಿಯ ಪಕ್ಕಕ್ಕೆ ಸರಿದುಹೋಗುತ್ತದೆ. ಸಣ್ಣ ಕಣಗಳು ಗಾಳಿಯ ಜೊತೆ ಸರಿಯುತ್ತವೆ. ದಪ್ಪ ಕಣಗಳಿಗೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ, ನೇರ ಒಳಗೆ ನುಗ್ಗುತ್ತವೆ. ಎಣಿಸಿದರೆ ಇರುವುದಕ್ಕಿಂತ ಜಾಸ್ತಿ ದಪ್ಪ ಕಣ ಸಿಗುತ್ತವೆ. ಆಮೇಲೆ ಕೊಳವೆಯ ತಿರುವಿನಲ್ಲಿ ಅವೇ ದಪ್ಪ ಕಣಗಳು ಗೋಡೆಗೆ ಬಡಿದು ಕಳೆದುಹೋಗುತ್ತವೆ. ಎರಡು ತಪ್ಪು ಸೇರಿ ಸರಿ ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಬಾಯಿ ಕಿರಿದಾಗಿ ಶುರುವಾಗಿ ನಿಧಾನಕ್ಕೆ ಅಗಲವಾಗುವ ಕೊಳವೆ ಮಾಡಿಸಿದೆವು. ಒಳಗೆ ನುಗ್ಗುವ ವೇಗ ಹೊರಗಿನ ವೇಗಕ್ಕೆ ಸಮ ಬರುವಂತೆ ಪಂಪನ್ನು ಹೊಂದಿಸಿದೆವು.

ಕೊಳವೆಯಲ್ಲಿ ಗಾಳಿ ಬರಲು ಹೊತ್ತು ಹಿಡಿಯುತ್ತದಲ್ವಾ, ಅದನ್ನೂ ಕಳೆಯಬೇಕು. 2 ಮೀಟರ್ ಉದ್ದ, ಒಳಗೆ 4 ಮಿಲಿಮೀಟರ್ ಅಗಲ, ನಿಮಿಷಕ್ಕೆ 1 ಲೀಟರ್ ಹರಿವು. ಲೆಕ್ಕ ಹಾಕಿದರೆ 1.5 ಸೆಕೆಂಡ್. ಅಷ್ಟರಲ್ಲಿ ವಿಮಾನ 75 ಮೀಟರ್ ಮುಂದೆ ಹೋಗಿರುತ್ತದೆ. ಲೆಕ್ಕ ಸರಿಯಾ ಅಂತ ನೋಡಲು ಹ್ಯಾಂಗರ್‌ನಲ್ಲಿ ನಿಂತು ಕೊಳವೆಯ ಬಾಯಿಗೆ ಒಂದು ಸಲ ಉಸಿರು ಬಿಟ್ಟೆ. ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಧಾರಾಳ ಇರುತ್ತದೆ, ಪರದೆಯ ಮೇಲೆ ಗೆರೆ ಜಿಗಿಯುತ್ತದೆ. ಜಿಗಿದಿದ್ದು 2.1 ಸೆಕೆಂಡಿಗೆ. ಉಳಿದ ಹೊತ್ತು ಫಿಲ್ಟರ್ ಒಳಗೆ ಹೋಗಿತ್ತು. ಆಮೇಲೆ ಪ್ರತಿ ಹಾರಾಟಕ್ಕೂ ಮುಂಚೆ ಒಂದು ಉಸಿರು ಅನ್ನುವುದು ನಮ್ಮ ಪದ್ಧತಿಯಾಯಿತು. ಎಲ್ಲಾ ಉಪಕರಣಗಳ ಗಡಿಯಾರವನ್ನೂ ಜಿಪಿಎಸ್ ಕೊಡುವ ಸೆಕೆಂಡಿನ ಮಿಡಿತಕ್ಕೆ ಕಟ್ಟಿದ ಮೇಲೆ ಈ ಲೆಕ್ಕಕ್ಕೆ ಅರ್ಥ ಬಂತು.

ಉಷ್ಣತೆ ಅಳೆಯುವುದು ಸುಲಭ ಅಂದುಕೊಂಡವರು ವಿಮಾನದಲ್ಲಿ ಒಂದು ಸಲ ಅಳೆಯಬೇಕು. ಓಡುವ ಗಾಳಿ ಸೆನ್ಸರಿಗೆ ಬಡಿದು ನಿಂತಾಗ ಬಿಸಿಯಾಗುತ್ತದೆ. ಸೆಕೆಂಡಿಗೆ 50 ಮೀಟರ್ ವೇಗಕ್ಕೆ ಆ ಬಿಸಿ 1.2 ಡಿಗ್ರಿಗೂ ಸ್ವಲ್ಪ ಹೆಚ್ಚು. ಸೆನ್ಸರ್ ಅದರಲ್ಲಿ ಎಷ್ಟು ಪಾಲು ತೋರಿಸುತ್ತದೆ ಅನ್ನುವುದು ಅದರ ಆಕಾರದ ಮೇಲೆ ನಿಂತಿದೆ. ಕ್ಯಾಪ್ಟನ್‌ಗೆ ಒಂದೇ ಎತ್ತರದಲ್ಲಿ ಮೊದಲು 40, ಆಮೇಲೆ 60 ಮೀಟರ್ ವೇಗದಲ್ಲಿ ಹಾರಲು ಹೇಳಿದೆವು. ಗಾಳಿ ಬದಲಾಗಿಲ್ಲ, ವೇಗ ಮಾತ್ರ ಬದಲಾಗಿದೆ. ಪೂರ್ತಿ ಪಾಲು ತೋರಿಸಿದ್ದರೆ 1 ಡಿಗ್ರಿ ಏರಬೇಕಿತ್ತು. ನಮ್ಮದು 0.9 ಏರಿತು. ಆ ಒಂದು ಸಂಖ್ಯೆ ಈಗ ನಮ್ಮ ಪ್ರೋಗ್ರಾಮಿನಲ್ಲಿ ಕೂತಿದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಗಾಳಿಯ ವೇಗ. ವಿಮಾನದಿಂದ ಗಾಳಿಯನ್ನು ನೇರವಾಗಿ ಅಳೆಯಲು ಬರುವುದಿಲ್ಲ. ತುದಿಯಲ್ಲಿ ಐದು ಸಣ್ಣ ತೂತುಗಳಿರುವ ಗುಂಡು ಮೂತಿಯ ಸೆನ್ಸರ್, ವಿಮಾನಕ್ಕೆ ಎದುರಾಗುವ ಗಾಳಿ ಎಷ್ಟು ಜೋರು, ಯಾವ ಓರೆಯಲ್ಲಿ ಬರುತ್ತಿದೆ ಅಂತ ಹೇಳುತ್ತದೆ. ಜಿಪಿಎಸ್ ಮತ್ತು ತಿರುಗುವಿಕೆ ಅಳೆಯುವ ಗೈರೋಗಳು ವಿಮಾನ ನೆಲದ ಮೇಲೆ ಎತ್ತ ಸಾಗುತ್ತಿದೆ, ಅದರ ಮೂತಿ ಎತ್ತ ಇದೆ ಅಂತ ಹೇಳುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ನಿಜವಾದ ಗಾಳಿ. 50ರ ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸೆಕೆಂಡಿಗೆ 1 ಮೀಟರ್ ಮೇಲೇಳುವ ಗಾಳಿಯನ್ನು ಹುಡುಕಬೇಕು. ಓರೆಯಲ್ಲಿ 1 ಡಿಗ್ರಿ ತಪ್ಪಿದರೆ ಸುಮಾರು 0.9 ಮೀಟರ್ ತಪ್ಪು. ಅಂದರೆ ಹುಡುಕುತ್ತಿರುವುದರಷ್ಟೇ ದೊಡ್ಡ ತಪ್ಪು.

ಇದನ್ನು ಆಕಾಶದಲ್ಲೇ ತಿದ್ದಬೇಕು. ಬೆಳಗಿನ ಜಾವ, ಗಾಳಿ ಶಾಂತವಾಗಿರುವಾಗ ಹೋದೆವು. ಒಂದು ಗೆರೆಯ ಮೇಲೆ ಹೋಗಿ, ತಿರುಗಿ, ಅದೇ ಗೆರೆಯ ಮೇಲೆ ವಾಪಸು. ಎರಡೂ ಸಲ ಒಂದೇ ಗಾಳಿ ಬರಬೇಕು. ಆಮೇಲೆ ಕ್ಯಾಪ್ಟನ್ ರಡ್ಡರ್ ಒತ್ತಿ ಮೂತಿಯನ್ನು ಎಡಕ್ಕೆ ಬಲಕ್ಕೆ ತೂಗಿದರು, ಮತ್ತೆ ಮೇಲೆ ಕೆಳಗೆ. ವಿಮಾನ ಎಷ್ಟೇ ತೂಗಲಿ, ಲೆಕ್ಕ ಹಾಕಿ ಬಂದ ಗಾಳಿ ತೂಗಬಾರದು. ನಮ್ಮದು ತೂಗಿತು. ವಿಮಾನದ ಲಯದಲ್ಲೇ ಗಾಳಿಯೂ ಅಲೆಯಂತೆ ಏರಿಳಿಯುತ್ತಿತ್ತು. ಮೂರು ಹಾರಾಟ ಹಿಡಿಯಿತು ಕಾರಣ ಸಿಗಲು. ಸೆನ್ಸರ್ ಕೂತ ಕೋನ ನಾವು ಬರೆದುಕೊಂಡಿದ್ದಕ್ಕಿಂತ 1.4 ಡಿಗ್ರಿ ಓರೆಯಿತ್ತು. ನೆಲದ ಮೇಲೆ ಅಳೆದಾಗ ರೆಕ್ಕೆ ತನ್ನ ಭಾರಕ್ಕೆ ಜೋತಿರುತ್ತದೆ, ಹಾರುವಾಗ ಮೇಲಕ್ಕೆ ಬಾಗುತ್ತದೆ, ಸ್ಟ್ರಟ್ ಕೂಡ ಅದರ ಜೊತೆ ಹೊರಳುತ್ತದೆ. ನೆಲದ ಮೇಲೆ ತೆಗೆದ ಅಳತೆಯನ್ನು ನಾನು ಅಷ್ಟು ನೆಚ್ಚಿಕೊಳ್ಳಬಾರದಿತ್ತು. ತಿದ್ದಿದ ಮೇಲೆ ಅದೇ ಹಾರಾಟದ ಡೇಟಾ ಮತ್ತೆ ಓಡಿಸಿದೆ. ವಿಮಾನದ ಗೆರೆ ಅಲೆಅಲೆಯಾಗಿ ಹೋಗುತ್ತಿತ್ತು, ಗಾಳಿಯ ಗೆರೆ ಅದರ ಕೆಳಗೆ ಹೆಚ್ಚು ಕಡಿಮೆ ಸಮನಾಗಿ ಮಲಗಿತ್ತು. ರಾತ್ರಿ ಹನ್ನೊಂದಕ್ಕೆ ಎಲ್ಲರಿಗೂ ಫೋನ್ ಮಾಡಿ ಹೇಳಿದೆ.

ಅದೇ ದಿನಗಳಲ್ಲಿ ಒಂದು ವಿಚಿತ್ರ ಕಂಡಿತು. ಒಂದೇ ಎತ್ತರದಲ್ಲಿ ಸುತ್ತು ಹಾಕುವಾಗ ಸರಿಯಾಗಿ ಎರಡೆರಡು ನಿಮಿಷಕ್ಕೆ ಕಾರ್ಬನ್ ಡೈಆಕ್ಸೈಡ್ ಚುಚ್ಚಿದಂತೆ ಮೇಲೇಳುತ್ತಿತ್ತು. ಕೊಳವೆ ಸೋರುತ್ತಿದೆಯಾ ಅಂತ ಅರ್ಧ ದಿನ ಹುಡುಕಿದೆ. ಕ್ಯಾಪ್ಟನ್‌ಗೆ ಗೆರೆ ತೋರಿಸಿದರೆ ಅವರು ಕೇಳಿದ್ದು ಒಂದೇ: "ಆ ಹೊತ್ತಿಗೆ ವಿಮಾನ ಸ್ವಲ್ಪ ಕುಲುಕಿತ್ತಾ ನೋಡಿ." ನೋಡಿದೆ. ಪ್ರತಿ ಸಲವೂ ಕುಲುಕಿತ್ತು. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಒಂದು ಸುತ್ತಿಗೆ ಎರಡು ನಿಮಿಷ. ಶಾಂತ ಗಾಳಿಯಲ್ಲಿ ನಾವು ಕಲಕಿದ ಗಾಳಿ, ಬಿಟ್ಟ ಹೊಗೆ ಎರಡೂ ಅಲ್ಲೇ ನಿಂತಿದ್ದವು, ಸುತ್ತು ಮುಗಿಸಿ ಬಂದು ಅದಕ್ಕೇ ಹಾಯುತ್ತಿದ್ದೆವು. ಅಂದಿನಿಂದ ಏರುತ್ತಲೇ ಸುತ್ತುತ್ತೇವೆ, ಹಳೆಯ ಹೊಗೆ ಕೆಳಗೇ ಉಳಿಯುತ್ತದೆ.

ಮೊದಲ ನಿಜವಾದ ಅಳತೆ ಒಂದು ಬಿಸಿಲಿನ ಮಧ್ಯಾಹ್ನ. 150 ಮೀಟರಿನಿಂದ ಶುರು ಮಾಡಿ ಅಗಲವಾದ ಸುರುಳಿಯಲ್ಲಿ ಏರಿದೆವು. ನೆಲ ಕಾದಿತ್ತು, ಗಾಳಿ ಚೆನ್ನಾಗಿ ಕಲೆಸಿತ್ತು, ವಿಮಾನ ಒಂದೇ ಸಮನೆ ಕುಲುಕುತ್ತಿತ್ತು. ಹೀಗೆ ಕಲೆಸಿದ ಒಣ ಗಾಳಿಯಲ್ಲಿ 1,000 ಮೀಟರ್ ಏರಿದರೆ ಉಷ್ಣತೆ 9.8 ಡಿಗ್ರಿ ಇಳಿಯಬೇಕು. ಇದು ಪ್ರಕೃತಿಯೇ ಇಟ್ಟ ಅಳತೆಗೋಲು, ಇದಕ್ಕೆ ಹೊಂದದಿದ್ದರೆ ನಮ್ಮ ಸೆನ್ಸರೇ ತಪ್ಪು. ನಾನು ಲ್ಯಾಪ್‌ಟಾಪಿನಲ್ಲಿ ಆ ಇಳಿಜಾರಿನ ಗೆರೆ ಮೊದಲೇ ಎಳೆದಿಟ್ಟಿದ್ದೆ. ಚುಕ್ಕಿಗಳು ಒಂದೊಂದಾಗಿ ಬಂದು ಅದರ ಮೇಲೇ ಕೂರತೊಡಗಿದವು. ವೇಗದ ಬಿಸಿ ಕಳೆದಿತ್ತು, ಕೊಳವೆಯ ಹೊತ್ತು ಕಳೆದಿತ್ತು.

1,340 ಮೀಟರಿನಲ್ಲಿ ಚುಕ್ಕಿಗಳು ಗೆರೆ ಬಿಟ್ಟು ಬಲಕ್ಕೆ ತಿರುಗಿದವು. ಏರಿದಂತೆ ತಣ್ಣಗಾಗುವ ಬದಲು ಬಿಸಿಯಾಗುತ್ತಿತ್ತು. ಕಣಗಳ ಸಂಖ್ಯೆ ಬಿದ್ದುಹೋಯಿತು. ಕೆಳಗಿನ ಗಾಳಿಯ ಮೇಲೆ ಕೂತ ಮುಚ್ಚಳ ಅದು. ಕ್ಯಾಪ್ಟನ್‌ಗೆ ನನ್ನ ಪರದೆ ಕಾಣುವುದಿಲ್ಲ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಹೆಡ್‌ಸೆಟ್‌ನಲ್ಲಿ ಅವರ ದನಿ ಬಂತು: "ಕುಲುಕಾಟ ನಿಂತು ಹೋಯ್ತು ನೋಡಿ. ದಿನಾ ಇಲ್ಲೆಲ್ಲೋ ನಿಲ್ಲುತ್ತೆ."

"ಹೌದು ಕ್ಯಾಪ್ಟನ್, ಇಲ್ಲೇ" ಅಂದೆ. ಅಷ್ಟು ಹೇಳಿ ಮುಗಿಸಿ ಏಳು ಸೆಕೆಂಡಿನ ಮೇಲೆ ತೇವಾಂಶದ ಗೆರೆಯೂ ಬಿತ್ತು. ಆ ಸೆನ್ಸರಿನ ಮುಚ್ಚಳದ ಫಿಲ್ಟರ್ ನಿಧಾನ. ಮುಂದಿನ ವಾರ ಅದನ್ನು ಬಿಚ್ಚಬೇಕು ಅಂತ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ.